ಮೂರು ವಾರದಲ್ಲಿ ಗ್ರೇಡ್ ಒಂದರಿಂದ ಎರಡಕ್ಕೆ ಏರಿತಾ? ಅಪ್ಪನ ಸಣ್ಣ ಕರುಳಿನ ಗಡ್ಡೆ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರ ಒಂದು ಸಣ್ಣ ಕಾಫಿ ತೋಟ. ಅಪ್ಪನಿಗೆ 61 ವರ್ಷ. ಎರಡು ವರ್ಷದಿಂದ ಊಟವಾದ ಮೇಲೆ ಹೊಟ್ಟೆ ಹಿಂಡಿದ ಹಾಗೆ ನೋಯುತ್ತಿತ್ತು. ಗ್ಯಾಸ್ ಅಂದುಕೊಂಡು ದಿನಾ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದರು. ಪುತ್ತರಿ ಕಳೆದ ಮೇಲೆ, ಕಾಫಿ ಕುಯ್ಲಿನ ನಡುವೆ, ಒಂದು ರಾತ್ರಿ ವಾಂತಿ ಶುರುವಾಗಿ ಹೊಟ್ಟೆ ಉಬ್ಬಿಕೊಂಡಿತು. ಮೈಸೂರಿಗೆ ಕರೆದುಕೊಂಡು ಹೋದೆವು. ಕರುಳು ಕಟ್ಟಿಕೊಂಡಿದೆ ಎಂದು ಆಪರೇಷನ್ ಮಾಡಿ, ಸಣ್ಣ ಕರುಳಿನ ಕೊನೆಯ ಭಾಗ ಮತ್ತು ದೊಡ್ಡ ಕರುಳಿನ ಸ್ವಲ್ಪ ಭಾಗ ತೆಗೆದರು. 1.8 ಸೆಂ.ಮೀ. ಗಡ್ಡೆ. ನ್ಯೂರೋಎಂಡೋಕ್ರೈನ್ ಟ್ಯೂಮರ್, ಗ್ರೇಡ್ 1, ಕೆಐ-67 ಶೇ. 2 ಎಂದು ರಿಪೋರ್ಟ್ ಬಂತು. 14 ಲಿಂಫ್ ನೋಡ್‌ಗಳಲ್ಲಿ (ದುಗ್ಧರಸ ಗ್ರಂಥಿಗಳಲ್ಲಿ) 3ರಲ್ಲಿ ಕಾಯಿಲೆ ಇದೆ. ಸಿಟಿ ಸ್ಕ್ಯಾನ್‌ನಲ್ಲಿ ಲಿವರ್ ಚೆನ್ನಾಗಿದೆ. ಮೂರು ವಾರ ಬಿಟ್ಟು, ಗಡ್ಡೆಯ ತುಂಡುಗಳನ್ನು ಮೇಣದಲ್ಲಿ ಕೂರಿಸಿದ ಅದೇ ಬ್ಲಾಕ್‌ಗಳನ್ನು ಬೆಂಗಳೂರಿನಲ್ಲಿ ತೋರಿಸಿದರೆ ಗ್ರೇಡ್ 2, ಕೆಐ-67 ಶೇ. 4 ಅಂದರು. ಇಷ್ಟು ಬೇಗ ಏರಿತಾ? ಒಬ್ಬ ಡಾಕ್ಟರು ‘ಇದು ನಿಧಾನದ ಗಡ್ಡೆ, ಚಿಂತೆ ಬೇಡ’ ಅಂದರು. ಇನ್ನೊಬ್ಬರು ‘ಮೂರನೇ ಸ್ಟೇಜ್ ಕ್ಯಾನ್ಸರ್’ ಅಂದರು. ಯಾರನ್ನು ನಂಬಬೇಕು? ಎಷ್ಟು ವರ್ಷ ಬದುಕುತ್ತಾರೆ? ಕೀಮೋ ಬೇಕಾ? ಆಪರೇಷನ್ ಆದಮೇಲೆ ದಿನಕ್ಕೆ ಐದಾರು ಸಲ ಭೇದಿ ಆಗುತ್ತಿದೆ, ಹರಡಿದೆ ಅಂತ ಅರ್ಥವಾ? ಪಂದಿ ಕರಿ ತಿಂದಿದ್ದಕ್ಕೆ, ತೋಟಕ್ಕೆ ಔಷಧಿ ಹೊಡೆದಿದ್ದಕ್ಕೆ ಬಂತು ಅಂತ ನೆಂಟರು ಹೇಳುತ್ತಾರೆ. ದುಬಾರಿ ಇಂಜೆಕ್ಷನ್ ಬೇಕಾಗುತ್ತದಂತೆ. ಎರಡು ಎಕರೆ ಮಾರುವ ಯೋಚನೆ ಇದೆ.

ಉತ್ತರ: ಮೊದಲು ನಿಮ್ಮ ನಿದ್ದೆ ಕೆಡಿಸಿರುವ ವಿಷಯಕ್ಕೆ ಬರುತ್ತೇನೆ. ಮೂರು ವಾರದಲ್ಲಿ ಕಾಯಿಲೆ ಏರಿಲ್ಲ. ಮೈಸೂರಿನಲ್ಲಿ ನೋಡಿದ್ದೂ ಬೆಂಗಳೂರಿನಲ್ಲಿ ನೋಡಿದ್ದೂ ಆಪರೇಷನ್ ದಿನ ಹೊರಗೆ ತೆಗೆದ ಅದೇ ತುಂಡು. ಫಾರ್ಮಲಿನ್‌ನಲ್ಲಿ ಅದ್ದಿ ಮೇಣದಲ್ಲಿ ಕೂರಿಸಿದ ಮೇಲೆ ಅದರಲ್ಲಿ ಯಾವ ಜೀವಕೋಶವೂ ಬೆಳೆಯುವುದಿಲ್ಲ. ಬದಲಾಗಿದ್ದು ಎಣಿಕೆ ಮಾತ್ರ.

ನಿಮ್ಮ ತಂದೆಯದು ನ್ಯೂರೋಎಂಡೋಕ್ರೈನ್ ಟ್ಯೂಮರ್, ಅಂದರೆ ಹಾರ್ಮೋನ್ ಥರದ ರಾಸಾಯನಿಕಗಳನ್ನು ಮಾಡುವ ಕೋಶಗಳಲ್ಲಿ ಹುಟ್ಟುವ ಗಡ್ಡೆ. ಅದು ಎಷ್ಟು ವೇಗವಾಗಿ ಬೆಳೆಯುತ್ತಿದೆ ಅನ್ನುವ ಅಂದಾಜೇ ಗ್ರೇಡ್, ಅದನ್ನು ಕೋಶ ಎಣಿಸಿ ಹೇಳುತ್ತಾರೆ. ಎಣಿಕೆ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಕೆಐ-67 ಅನ್ನುವುದು ಒಂದು ಪ್ರೊಟೀನ್. ಒಡೆದು ಎರಡಾಗುವ ಕೆಲಸದಲ್ಲಿರುವ ಕೋಶಗಳಲ್ಲಿ ಮಾತ್ರ ಅದು ಇರುತ್ತದೆ. ಬಣ್ಣ ಹಾಕಿದರೆ ಅಂಥ ಕೋಶಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಪೆಥಾಲಜಿಸ್ಟ್, ಅಂದರೆ ಸೂಕ್ಷ್ಮದರ್ಶಕದಲ್ಲಿ ತುಂಡು ನೋಡುವ ಡಾಕ್ಟರು, ಕಡಿಮೆ ಅಂದರೆ 500 ಕೋಶಗಳನ್ನು ಎಣಿಸಿ, ನೂರರಲ್ಲಿ ಎಷ್ಟು ಕಂದಾಗಿವೆ ಅಂತ ಬರೆಯುತ್ತಾರೆ. ಸಮಸ್ಯೆ ಏನೆಂದರೆ, ಗಡ್ಡೆಯ ಎಲ್ಲಾ ಭಾಗವೂ ಒಂದೇ ಥರ ಇರುವುದಿಲ್ಲ. ಒಂದೇ ಕಾಫಿ ಗಿಡದಲ್ಲಿ ಬಿಸಿಲು ಬೀಳುವ ಕೊಂಬೆಯಲ್ಲಿ ಹಣ್ಣು ಕೆಂಪಾಗಿರುತ್ತದೆ, ಇನ್ನೊಂದು ಕಡೆ ಇನ್ನೂ ಹಸಿರು ಕಾಯಿ. ಯಾವ ಕೊಂಬೆ ಹಿಡಿದು ಎಣಿಸಿದಿರಿ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ, ಅಲ್ವಾ? ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಕಂದು ಕಾಣುವ ಜಾಗ ಹುಡುಕಿ ಅಲ್ಲೇ ಎಣಿಸಬೇಕು ಅನ್ನುವುದು ನಿಯಮ. ಸುಮ್ನೆ ಕಣ್ಣಳತೆಯಲ್ಲಿ ‘ಒಂದೆರಡು ಪರ್ಸೆಂಟ್’ ಅಂತ ಬರೆದರೆ ಈ ಕಾಯಿಲೆಯಲ್ಲಿ ಸಾಲದು.

ನಿಮ್ಮ ತಂದೆಯ ಎರಡು ರಿಪೋರ್ಟ್‌ಗಳನ್ನೇ ತೆಗೆದುಕೊಳ್ಳಿ. 500 ಕೋಶ ಎಣಿಸಿದ್ದಾರೆ ಅಂತಿಟ್ಟುಕೊಂಡರೆ ಶೇ. 2 ಅಂದರೆ 10 ಕೋಶ, ಶೇ. 4 ಅಂದರೆ 20 ಕೋಶ. ನಿಮ್ಮ ಮನೆಯಲ್ಲಿ ಇಷ್ಟು ಗಾಬರಿ ಹುಟ್ಟಿಸಿದ್ದು ಆ ಹತ್ತು ಕೋಶಗಳ ವ್ಯತ್ಯಾಸ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ವಿಂಗಡಣೆ ಪ್ರಕಾರ ಕೆಐ-67 ಶೇ. 3ಕ್ಕಿಂತ ಕಡಿಮೆ ಇದ್ದರೆ ಗ್ರೇಡ್ 1. 3ರಿಂದ 20ರವರೆಗೆ ಗ್ರೇಡ್ 2. 20 ದಾಟಿದರೆ ಗ್ರೇಡ್ 3. ಇದರ ಜೊತೆಗೆ 2 ಚದರ ಮಿಲಿಮೀಟರ್ ಜಾಗದಲ್ಲಿ ಎಷ್ಟು ಕೋಶಗಳು ಒಡೆಯುತ್ತಿರುವುದು ಕಣ್ಣಿಗೆ ಕಾಣುತ್ತದೆ ಅಂತಲೂ ಎಣಿಸುತ್ತಾರೆ. ಎರಡು ಲೆಕ್ಕ ಬೇರೆ ಬೇರೆ ಗ್ರೇಡ್ ತೋರಿಸಿದರೆ ಮೇಲಿನದನ್ನೇ ಹಿಡಿಯಬೇಕು. ಹಳೆಯ 2010ರ ವಿಂಗಡಣೆಯಲ್ಲಿ 2ಕ್ಕೂ 3ಕ್ಕೂ ನಡುವೆ ಬಿದ್ದವರಿಗೆ ಜಾಗವೇ ಇರಲಿಲ್ಲ. ಗಡಿ ಅನ್ನುವುದು ನಾವು ಎಳೆದ ಗೆರೆ, ಗಡ್ಡೆಗೆ ಅದು ಗೊತ್ತಿಲ್ಲ.

ಹಾಗಾಗಿ ನಿಮ್ಮ ತಂದೆಯದು ಗ್ರೇಡ್ 2 ಅಂತಲೇ ಇಟ್ಟುಕೊಳ್ಳಿ. ಆದರೆ ಗ್ರೇಡ್ 2ರೊಳಗೆ 4 ಇರುವವರೂ ಇದ್ದಾರೆ, 18 ಇರುವವರೂ ಇದ್ದಾರೆ. ಇಬ್ಬರ ಕಾಯಿಲೆಯ ನಡೆ ಬೇರೆ. ಯಾರಾದರೂ ‘ಗ್ರೇಡ್ 2’ ಅಂದರೆ ಅಲ್ಲಿಗೆ ಬಿಡಬೇಡಿ, ಕೆಐ-67 ಅಂಕಿ ಎಷ್ಟು ಅಂತ ಕೇಳಿ. 4 ಅನ್ನುವುದು ಗ್ರೇಡ್ 1ರ ಪಕ್ಕದ ಮನೆ. 2 ಆಗಿದ್ದರೂ 4 ಆಗಿದ್ದರೂ ನಾನು ಈಗ ಕೊಡುವ ಸಲಹೆಯಲ್ಲಿ ವ್ಯತ್ಯಾಸ ಇಲ್ಲ.

ಇನ್ನೊಂದು ವಿಷಯ. ನ್ಯೂರೋಎಂಡೋಕ್ರೈನ್ ಅಂದ ತಕ್ಷಣ ಜನ ಇರ್ಫಾನ್ ಖಾನ್ ಹೆಸರು ಎತ್ತುತ್ತಾರೆ. ಅವರು 2018ರಲ್ಲಿ ಕಾಯಿಲೆಯ ವಿಷಯ ತಿಳಿಸಿದರು, 2020ರಲ್ಲಿ ತೀರಿಕೊಂಡರು. ಸ್ವಲ್ಪ ಹಿರಿಯರು ಸ್ಟೀವ್ ಜಾಬ್ಸ್ ಅನ್ನುತ್ತಾರೆ, ಅವರದು ಪ್ಯಾಂಕ್ರಿಯಾಸ್‌ನ ಗಡ್ಡೆ. ಈ ಹೆಸರಿನಡಿ ಬರುವ ಗಡ್ಡೆಗಳು ಶ್ವಾಸಕೋಶದಿಂದ ಹಿಡಿದು ಗುದದ್ವಾರದ ಹತ್ತಿರದವರೆಗೆ ಎಲ್ಲೆಲ್ಲೋ ಹುಟ್ಟುತ್ತವೆ. ಒಂದು ಜಾಗದ್ದು ಇನ್ನೊಂದರ ಹಾಗೆ ನಡೆದುಕೊಳ್ಳುವುದಿಲ್ಲ. ಅದರಲ್ಲೂ ‘ನ್ಯೂರೋಎಂಡೋಕ್ರೈನ್ ಕಾರ್ಸಿನೋಮ’ ಅನ್ನುವ ಒಂದು ಗುಂಪಿದೆ. ಅದು ಪೂರ್ತಿ ಬೇರೆಯೇ, ಬಹಳ ವೇಗದ ಕಾಯಿಲೆ. ನಿಮ್ಮ ರಿಪೋರ್ಟ್‌ನಲ್ಲಿ ಟ್ಯೂಮರ್ ಅಂತಿದೆ, ಕಾರ್ಸಿನೋಮ ಅಂತಿಲ್ಲ. ಇಂಟರ್ನೆಟ್‌ನಲ್ಲಿ ಹುಡುಕುವಾಗ ಇವೆರಡು ಕಲಸಿಹೋಗುತ್ತವೆ. ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದು ಕೂತವರಿಗೆ ಅದೇ ದೊಡ್ಡ ಹಿಂಸೆ.

ಈಗ ಆ ಇಬ್ಬರು ಡಾಕ್ಟರುಗಳು. ಇಬ್ಬರೂ ಅರ್ಧ ಸರಿ. ಮೊದಲನೆಯವರು ಗ್ರೇಡ್ ಬಗ್ಗೆ ಮಾತಾಡಿದರು, ಅಂದರೆ ಗಡ್ಡೆಯ ವೇಗ. ಎರಡನೆಯವರು ಸ್ಟೇಜ್ ಬಗ್ಗೆ ಮಾತಾಡಿದರು, ಅಂದರೆ ಅದು ಎಲ್ಲಿಯವರೆಗೆ ಹೋಗಿದೆ ಅನ್ನುವುದು. ಲಿಂಫ್ ನೋಡ್‌ನಲ್ಲಿ ಕಾಯಿಲೆ ಇದ್ದು ಲಿವರ್‌ಗೆ, ಬೇರೆ ಅಂಗಗಳಿಗೆ ಹೋಗಿಲ್ಲವಾದರೆ ಸ್ಟೇಜ್ 3. ಬೇರೆ ಕ್ಯಾನ್ಸರ್‌ಗಳಲ್ಲಿ ಸ್ಟೇಜ್ 3 ಅಂದರೆ ನಾವೂ ಸ್ವಲ್ಪ ಗಂಭೀರವಾಗುತ್ತೇವೆ. ಸಣ್ಣ ಕರುಳಿನ ಈ ಗಡ್ಡೆಯಲ್ಲಿ ಮಾತ್ರ ವೇಗ ಮತ್ತು ದೂರ ಜೊತೆಜೊತೆಗೆ ಹೋಗುವುದಿಲ್ಲ. ನಿಧಾನವಾಗಿ ಬೆಳೆಯುತ್ತದೆ, ಆದರೂ ಬೇಗನೆ ಹೊರಗೆ ಕಾಲಿಡುತ್ತದೆ. ಅಪೆಂಡಿಕ್ಸ್‌ನಲ್ಲಿ 1 ಸೆಂ.ಮೀ. ಗಡ್ಡೆ ಸಿಕ್ಕರೆ ಸಾಮಾನ್ಯವಾಗಿ ಅಪೆಂಡಿಕ್ಸ್ ತೆಗೆದಲ್ಲಿಗೆ ಕಥೆ ಮುಗಿಯುತ್ತದೆ. ಸಣ್ಣ ಕರುಳಿನಲ್ಲಿ 1 ಸೆಂ.ಮೀ.ಗಿಂತ ಚಿಕ್ಕದೂ ಲಿಂಫ್ ನೋಡ್‌ಗೆ ಹೋಗಿರುವುದನ್ನು ನಾವು ನೋಡುತ್ತೇವೆ, ಅದೂ ಗ್ರೇಡ್ 1ರಲ್ಲಿ. ಆದ್ದರಿಂದ ‘ಕಡಿಮೆ ಗ್ರೇಡ್, ಮೂರನೇ ಸ್ಟೇಜ್’ ಅನ್ನುವುದರಲ್ಲಿ ವಿರೋಧ ಏನೂ ಇಲ್ಲ. ಈ ಕಾಯಿಲೆ ನಮ್ಮ ಹತ್ತಿರ ಬರುವುದೇ ಜಾಸ್ತಿ ಸಲ ಹೀಗೆ.

‘ಚಿಂತೆ ಬೇಡ’ ಅನ್ನುವ ಮಾತಿಗೂ ಹಳೆಯ ಬೇರಿದೆ. 1907ರಲ್ಲಿ ಜರ್ಮನಿಯ ಪೆಥಾಲಜಿಸ್ಟ್ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ಈ ಗಡ್ಡೆಗಳನ್ನು ವಿವರಿಸಿದಾಗ ಇವು ಹಾನಿ ಮಾಡುವುದಿಲ್ಲ ಅಂದುಕೊಂಡಿದ್ದರು. 1929ರಲ್ಲಿ ಅವರೇ ಆ ಮಾತು ತಿದ್ದಿಕೊಂಡು, ಇವು ಹರಡಲೂ ಬಹುದು ಎಂದರು. ಅಷ್ಟಾದರೂ ‘ಇದು ಕ್ಯಾನ್ಸರ್ರೇ ಅಲ್ಲ’ ಅನ್ನುವವರು ಈಗಲೂ ಸಿಗುತ್ತಾರೆ. ಅದು ತಪ್ಪು. ಹಾಗೆ ನಂಬಿದವರು ಎರಡು ವರ್ಷ ಆದಮೇಲೆ ಸ್ಕ್ಯಾನ್‌ಗೆ ಬರುವುದನ್ನೇ ಬಿಡುತ್ತಾರೆ. ‘ಮೂರನೇ ಸ್ಟೇಜ್’ ಅಂತ ಹೇಳಿ ಎದ್ದುಹೋಗುವುದೂ ನನಗೆ ಅಷ್ಟೇ ಬೇಸರದ ವಿಷಯ. ಅರ್ಧ ಮಾತು ಹೇಳಿದರೆ ಉಳಿದರ್ಧವನ್ನು ಮನೆಯವರು ಭಯದಿಂದ ತುಂಬಿಕೊಳ್ಳುತ್ತಾರೆ.

ಎರಡು ವರ್ಷ ಗ್ಯಾಸ್ ಅಂದುಕೊಂಡಿದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಗಡ್ಡೆ ಚಿಕ್ಕದು. ಅದಿರುವುದು ಸಣ್ಣ ಕರುಳಿನ ಕೊನೆಯಲ್ಲಿ. ಬಾಯಿಯಿಂದ ಹಾಕುವ ಸಾಮಾನ್ಯ ಎಂಡೋಸ್ಕೋಪಿ ಅಲ್ಲಿಗೆ ತಲುಪುವುದಿಲ್ಲ. ಕೊಲೊನೋಸ್ಕೋಪಿಯೂ ಕೆಲವೊಮ್ಮೆ ಮಾತ್ರ ಅಲ್ಲಿಗೆ ಇಣುಕುತ್ತದೆ. ತೊಂದರೆ ಕೊಡುವುದು ಎಷ್ಟೋ ಸಲ ಗಡ್ಡೆಯೇ ಅಲ್ಲ. ಲಿಂಫ್ ನೋಡ್‌ಗೆ ಹೋದ ಕೋಶಗಳು ಸೆರೊಟೋನಿನ್ ಮತ್ತು ಇತರ ರಾಸಾಯನಿಕಗಳನ್ನು ಬಿಡುತ್ತವೆ. ಅದರಿಂದ ಕರುಳನ್ನು ಹಿಡಿದಿಡುವ ಪೊರೆ, ಅಂದರೆ ಮೆಸೆಂಟರಿ, ಗಟ್ಟಿಯಾಗಿ ಮುದುಡಿಕೊಳ್ಳುತ್ತದೆ. ಕರುಳು ಮಡಚಿಕೊಳ್ಳುತ್ತದೆ. ರಕ್ತನಾಳ ಬಿಗಿಯುತ್ತದೆ. ಊಟವಾದ ಮೇಲೆ ಕರುಳಿಗೆ ರಕ್ತ ಜಾಸ್ತಿ ಬೇಕು, ಆಗ ನೋವು. ಹೊರಗಿನಿಂದ ನೋಡಿದರೆ ಇದು ಗ್ಯಾಸ್‌ನಂತೆಯೇ ಇರುತ್ತದೆ.

ಎಷ್ಟು ವರ್ಷ ಅನ್ನುವ ಪ್ರಶ್ನೆ. ಇದನ್ನು ತೇಲಿಸಿಬಿಡುವುದಿಲ್ಲ. ಸಣ್ಣ ಕರುಳಿನ ಈ ಗಡ್ಡೆ ಲಿಂಫ್ ನೋಡ್‌ವರೆಗೆ ಮಾತ್ರ ಹೋಗಿದ್ದು, ಪೂರ್ತಿ ತೆಗೆದುಹಾಕಿದ್ದರೆ, ಅಮೆರಿಕದ ಲೆಕ್ಕಗಳಲ್ಲಿ ಐದು ವರ್ಷದ ಹೊತ್ತಿಗೆ ಇದೇ ಕಾಯಿಲೆಯಿಂದ ತೀರಿಕೊಂಡವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಲಿವರ್‌ಗೆ ಅಥವಾ ದೂರದ ಅಂಗಗಳಿಗೆ ಹರಡಿದ್ದರೂ, ಗ್ರೇಡ್ 1 ಮತ್ತು 2 ಸೇರಿ, ಅರ್ಧದಷ್ಟು ಜನ ಎಂಟು ವರ್ಷಕ್ಕಿಂತ ಜಾಸ್ತಿ ಬದುಕಿದ್ದಾರೆ ಅಂತ 2017ರಲ್ಲಿ ಬಂದ ದೊಡ್ಡ ಅಧ್ಯಯನ ಹೇಳುತ್ತದೆ. ಅದರಲ್ಲಿ 2012ರವರೆಗಿನ ರೋಗಿಗಳ ಲೆಕ್ಕವಿದೆ. ಈಗಿರುವ ಕೆಲವು ಚಿಕಿತ್ಸೆಗಳು ಅವರಿಗೆ ಸಿಕ್ಕಿರಲಿಲ್ಲ. ಇದು ಒಳ್ಳೆಯ ಕಡೆ. ಕೆಟ್ಟ ಕಡೆಯೂ ಇದೆ. ಈ ಗಡ್ಡೆ ಮರಳಿ ಬರಬಹುದು, ತಡವಾಗಿ ಬರುತ್ತದೆ. ಐದು ವರ್ಷ ಆಯಿತು, ಗೆದ್ದೆವು ಅಂತ ಬೇರೆ ಕ್ಯಾನ್ಸರ್‌ಗಳಲ್ಲಿ ಹೇಳುವ ಹಾಗೆ ಇಲ್ಲಿ ಹೇಳುವುದಿಲ್ಲ. ಹತ್ತು ವರ್ಷ ದಾಟಿದ ಮೇಲೆ ಲಿವರ್‌ನಲ್ಲಿ ಕಾಣಿಸಿಕೊಂಡವರಿದ್ದಾರೆ. ಹಾಗೆ ಬಂದಾಗ ಗ್ರೇಡ್ ಮೊದಲಿನದೇ ಇರಬೇಕೆಂದೂ ಇಲ್ಲ, ಮತ್ತೆ ಬಯಾಪ್ಸಿ ಮಾಡಿ ಎಣಿಸಬೇಕಾಗುತ್ತದೆ.

ಹಾಗಾದರೆ ಈಗ ಏನು ಮಾಡಬೇಕು? ಪೂರ್ತಿ ತೆಗೆದಿದ್ದರೆ ಈಗ ಕೀಮೋ ಬೇಡ, ಇಂಜೆಕ್ಷನ್ ಕೂಡ ಬೇಡ. ಕೀಮೋ ಹೊಡೆಯುವುದು ಮುಖ್ಯವಾಗಿ ಒಡೆಯುತ್ತಿರುವ ಕೋಶಗಳನ್ನು. ನೂರಕ್ಕೆ 96 ಕೋಶಗಳು ಸುಮ್ನೆ ಕೂತಿರುವಾಗ ಅದರಿಂದ ಲಾಭ ಕಡಿಮೆ, ಸುಸ್ತು ಜಾಸ್ತಿ. ಕಾಯಿಲೆ ಕಾಣದಿದ್ದಾಗ ಮುಂಜಾಗ್ರತೆಗೆ ಅಂತ ಕೊಡುವ ಇಂಜೆಕ್ಷನ್‌ನಿಂದ ಮರಳಿ ಬರುವುದು ತಪ್ಪುತ್ತದೆ ಎಂದು ಯಾರೂ ತೋರಿಸಿಲ್ಲ. ಮಾಡಬೇಕಾದ್ದು ಎರಡು ಕೆಲಸ. ಒಂದು, ಗೇಲಿಯಂ ಡೋಟಾಟೇಟ್ ಪೆಟ್ ಸ್ಕ್ಯಾನ್. ಈ ಗಡ್ಡೆಯ ಕೋಶಗಳ ಮೇಲಿರುವ ಗ್ರಾಹಕಗಳಿಗೆ ಅಂಟಿಕೊಂಡು ಅವು ಎಲ್ಲೆಲ್ಲಿವೆ ಅಂತ ತೋರಿಸುವ ಸ್ಕ್ಯಾನ್ ಇದು. ಸಿಟಿ ಸ್ಕ್ಯಾನ್‌ನಲ್ಲಿ ಚೊಕ್ಕವಾಗಿ ಕಂಡ ಲಿವರ್‌ನಲ್ಲಿ ಸಣ್ಣ ಚುಕ್ಕೆಗಳನ್ನು ಇದು ಹಿಡಿದದ್ದಿದೆ. ಬೆಂಗಳೂರಿನ ದೊಡ್ಡ ಕೇಂದ್ರಗಳಲ್ಲಿ ಮಾಡುತ್ತಾರೆ. ಎರಡು, ಆಪರೇಷನ್ ಮಾಡಿದವರನ್ನು ಒಂದು ಪ್ರಶ್ನೆ ಕೇಳಿ: ‘ಉಳಿದ ಸಣ್ಣ ಕರುಳನ್ನು ಪೂರ್ತಿ ಕೈಯಲ್ಲಿ ಮುಟ್ಟಿ ನೋಡಿದ್ದೀರಾ?’ ನಾಲ್ವರಲ್ಲಿ ಒಬ್ಬರಿಗಾದರೂ ಒಂದಕ್ಕಿಂತ ಜಾಸ್ತಿ ಗಡ್ಡೆ ಇರುತ್ತದೆ. ಕರುಳು ಕಟ್ಟಿಕೊಂಡ ರಾತ್ರಿ, ತುರ್ತಿನಲ್ಲಿ ಮಾಡಿದ ಆಪರೇಷನ್‌ನಲ್ಲಿ ಅಷ್ಟು ವ್ಯವಧಾನ ಇಲ್ಲದಿರಬಹುದು. ಅದು ಯಾರ ತಪ್ಪೂ ಅಲ್ಲ. ಆದರೆ ಉತ್ತರ ಗೊತ್ತಿರಬೇಕು.

ಎರಡೂ ಸರಿಯಿದ್ದರೆ ಮೊದಲ ಕೆಲವು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸ್ಕ್ಯಾನ್. ಹತ್ತು ವರ್ಷ ಕಳೆದರೂ ಬಿಡಬೇಡಿ. ಮಳೆಗಾಲದಲ್ಲಿ ಓಡಾಡುವ ತಾಪತ್ರಯ ಬೇಡ ಅಂದರೆ ಏಪ್ರಿಲ್ ಮತ್ತು ಅಕ್ಟೋಬರ್ ಅಂತ ಗೊತ್ತು ಮಾಡಿಕೊಳ್ಳಿ. ಒಂದೆರಡು ವಾರ ಹಿಂದೆ ಮುಂದೆ ಆದರೆ ಈ ಕಾಯಿಲೆಯಲ್ಲಿ ಏನೂ ಕೆಡುವುದಿಲ್ಲ.

ಮುಂದೆ ಎಂದಾದರೂ ಮರಳಿ ಬಂದರೆ ದಾರಿಗಳು ಇವೆ. ತೆಗೆಯಲು ಆಗುವಂತಿದ್ದರೆ ಮತ್ತೆ ಆಪರೇಷನ್. ಆಗದಿದ್ದರೆ ಸಾಮಾನ್ಯವಾಗಿ ಮೊದಲು ತಿಂಗಳಿಗೊಂದು ಆಕ್ಟ್ರಿಯೊಟೈಡ್ ಅಥವಾ ಲಾನ್ರಿಯೊಟೈಡ್ ಇಂಜೆಕ್ಷನ್. ಇವು ಗಡ್ಡೆಯನ್ನು ಕರಗಿಸುವುದು ಅಪರೂಪ, ಬೆಳೆಯದಂತೆ ತಡೆಹಿಡಿಯುತ್ತವೆ. ಪಿತ್ತಕೋಶದಲ್ಲಿ ಕಲ್ಲು, ಎಣ್ಣೆ ಎಣ್ಣೆಯಾದ ಭೇದಿ, ಸಕ್ಕರೆಯ ಏರುಪೇರು ಇವುಗಳ ಅಡ್ಡ ಪರಿಣಾಮ. ಕಾಯಿಲೆ ತುಂಬಾ ಕಡಿಮೆಯಿದ್ದು, ತೊಂದರೆ ಏನೂ ಕೊಡದಿದ್ದರೆ ಇಂಜೆಕ್ಷನ್ ಶುರು ಮಾಡದೆ ಕಾದು ನೋಡುವುದೂ ಒಂದು ಆಯ್ಕೆಯೇ. ಇಂಜೆಕ್ಷನ್ ಕೊಟ್ಟ ಮೇಲೂ ಬೆಳೆದರೆ ಲುಟೀಶಿಯಂ ಚಿಕಿತ್ಸೆ. ಡೋಟಾಟೇಟ್ ಸ್ಕ್ಯಾನ್‌ನಲ್ಲಿ ಹೊಳೆಯುವ ಗಡ್ಡೆಗೆ ಅದೇ ದಾರಿಯಲ್ಲಿ ವಿಕಿರಣ ಕಳಿಸುವುದು, ಎಂಟು ವಾರಕ್ಕೊಂದರಂತೆ ನಾಲ್ಕು ಸಲ. 2017ರಲ್ಲಿ ಬಂದ ನೆಟ್ಟರ್-1 ಪ್ರಯೋಗದಲ್ಲಿ 20 ತಿಂಗಳ ಹೊತ್ತಿಗೆ ಲುಟೀಶಿಯಂ ಪಡೆದವರಲ್ಲಿ ಶೇ. 65 ಜನರ ಕಾಯಿಲೆ ಮುಂದುವರಿದಿರಲಿಲ್ಲ. ಆಕ್ಟ್ರಿಯೊಟೈಡ್ ಪ್ರಮಾಣ ಮಾತ್ರ ಹೆಚ್ಚಿಸಿದವರಲ್ಲಿ ಅದು ಶೇ. 11ರಷ್ಟು. ಆದರೆ ಒಟ್ಟು ಆಯುಷ್ಯದ ಲೆಕ್ಕದಲ್ಲಿ ಆಮೇಲೆ ಅಷ್ಟು ಖಚಿತ ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸೆ ಮಾರುವವರು ಈ ಮಾತು ಹೇಳುವುದಿಲ್ಲ. ಮೂಳೆ ಮಜ್ಜೆಗೆ, ಕಿಡ್ನಿಗೆ ಪೆಟ್ಟು ಬೀಳಬಹುದು, ನೂರಕ್ಕೆ ಒಂದಿಬ್ಬರಿಗೆ ವರ್ಷಗಳ ನಂತರ ಗಂಭೀರ ರಕ್ತದ ಕಾಯಿಲೆ ಬಂದದ್ದಿದೆ. ಎವರೋಲಿಮಸ್ ಮಾತ್ರೆ ಇದೆ, ಬಾಯಿಹುಣ್ಣು ಕಾಡುತ್ತದೆ. ಲಿವರ್‌ಗೆ ಹೋಗುವ ರಕ್ತನಾಳ ಮುಚ್ಚುವ ಚಿಕಿತ್ಸೆಯೂ ಇದೆ. ಇದೆಲ್ಲ ಇವತ್ತು ನಿಮ್ಮ ತಂದೆಗೆ ಬೇಕಾದ್ದಲ್ಲ.

ಇವತ್ತು ಅವರನ್ನು ಕಾಡುತ್ತಿರುವುದು ಭೇದಿ. ಹರಡಿದ್ದರಿಂದ ಅಂತ ನನಗೆ ಅನಿಸುವುದಿಲ್ಲ. ಪಿತ್ತರಸವನ್ನು ವಾಪಸ್ ಹೀರಿಕೊಳ್ಳುವುದು ಸಣ್ಣ ಕರುಳಿನ ಕೊನೆಯ ಭಾಗದ ಕೆಲಸ. ಆ ಭಾಗವೇ ಈಗಿಲ್ಲ. ಪಿತ್ತರಸ ನೇರ ದೊಡ್ಡ ಕರುಳಿಗೆ ಇಳಿದು ನೀರು ಎಳೆಯುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ಅವಸರವಾಗಿ, ಹಳದಿ ನೀರಿನಂತೆ ಹೋಗುತ್ತಿದ್ದರೆ ಬಹುತೇಕ ಇದೇ. ಕೊಲೆಸ್ಟಿರಮೀನ್ ಪುಡಿಗೆ ಚೆನ್ನಾಗಿ ತಗ್ಗುತ್ತದೆ, ನಿಮ್ಮ ಡಾಕ್ಟರ ಹತ್ತಿರ ಕೇಳಿ. ಕೊಬ್ಬು ಜಾಸ್ತಿ ತಿಂದ ದಿನ ಭೇದಿಯೂ ಜಾಸ್ತಿ. ಹಾಗಾಗಿ ಪಂದಿ ಕರಿಯನ್ನು ಕೆಲವು ತಿಂಗಳು ಕಡಿಮೆ ಮಾಡಲಿ. ಕಡಂಬಿಟ್ಟು, ನೂಲ್‌ಪುಟ್ಟು ತಿನ್ನಲು ಅಡ್ಡಿಯಿಲ್ಲ. ಬಿ12 ಹೀರುವುದೂ ಅದೇ ಭಾಗ. ದೇಹದಲ್ಲಿ ದಾಸ್ತಾನಿರುವುದರಿಂದ ಕೊರತೆ ಒಂದೆರಡು ವರ್ಷ ಬಿಟ್ಟು, ಕೈಕಾಲು ಜುಮ್ಮೆನ್ನುವ ರೂಪದಲ್ಲಿ ಬರಬಹುದು. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ.

ಗಡ್ಡೆಯ ರಾಸಾಯನಿಕಗಳಿಂದ ಆಗುವ ಭೇದಿ ಬೇರೆ ಥರ. ಅದು ರಾತ್ರಿಯೂ ಎಬ್ಬಿಸುತ್ತದೆ, ಉಪವಾಸ ಇದ್ದರೂ ನಿಲ್ಲುವುದಿಲ್ಲ. ಮುಖ, ಕುತ್ತಿಗೆ ಬೆವರಿಲ್ಲದೆ ಕೆಂಪಗೆ ಬಿಸಿಯಾಗುತ್ತವೆ, ಒಂದು ಪೆಗ್ ಹಾಕಿದರೆ ಜಾಸ್ತಿ. ಇದು ಸಾಮಾನ್ಯವಾಗಿ ಲಿವರ್‌ಗೆ ಹರಡಿದ ಮೇಲೆ ಬರುತ್ತದೆ. ಅಲ್ಲಿಯವರೆಗೆ ಆ ರಾಸಾಯನಿಕಗಳನ್ನು ಲಿವರ್ ಒಡೆದುಹಾಕುತ್ತಿರುತ್ತದೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಹೃದಯದ ಬಲಭಾಗದ ಕವಾಟಗಳು ಹಾಳಾಗಬಹುದು. ಅಂಥವರು ಯಾವುದೇ ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರಿಗೆ ವಿಷಯ ಹೇಳಲೇಬೇಕು.

ಅನುಮಾನ ಬಂದರೆ 24 ಗಂಟೆಯ ಮೂತ್ರದಲ್ಲಿ 5-ಎಚ್‌ಐಎಎ, ಅಂದರೆ ಸೆರೊಟೋನಿನ್ ಒಡೆದಾಗ ಉಳಿಯುವ ಪದಾರ್ಥ, ಎಷ್ಟಿದೆ ಅಂತ ಅಳೆಯುತ್ತಾರೆ. ಇಲ್ಲಿ ಕೊಡಗಿನವರಿಗೆ ಒಂದು ವಿಶೇಷ ಎಚ್ಚರಿಕೆ. ಬಾಳೆಹಣ್ಣು, ಅನಾನಸ್, ಟೊಮೆಟೊ, ನಿಮ್ಮ ತೋಟದ ಬಟರ್‌ಫ್ರೂಟ್ ಇವೆಲ್ಲ ಆ ಅಂಕಿಯನ್ನು ಸುಳ್ಳುಸುಳ್ಳೇ ಏರಿಸುತ್ತವೆ. ಮೂರು ದಿನ ಮೊದಲೇ ನಿಲ್ಲಿಸಬೇಕು. ಈ ಗಡ್ಡೆಗಳು ರಕ್ತಕ್ಕೆ ಬಿಡುವ ಕ್ರೋಮೊಗ್ರಾನಿನ್ ಎ ಅನ್ನುವ ಪ್ರೊಟೀನ್‌ನ ಪರೀಕ್ಷೆಗೆ ಕೈಕೊಡುವುದು ಪ್ಯಾಂಟೊಪ್ರಜೋಲ್. ದಿನಾ ಅದನ್ನು ನುಂಗುವವರಲ್ಲಿ ಗಡ್ಡೆ ಇಲ್ಲದಿದ್ದರೂ ಅಂಕಿ ಹಲವು ಪಟ್ಟು ಮೇಲೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಈ ಒಂದು ಸಂಖ್ಯೆ ನೋಡಿ ಅತ್ತಿದ್ದಾರೆ. ಡಾಕ್ಟರನ್ನು ಕೇಳಿ ಎರಡು ವಾರ ಮೊದಲು ಮಾತ್ರೆ ನಿಲ್ಲಿಸಿ, ಆಮೇಲೆ ರಕ್ತ ಕೊಡಿ.

ಪಂದಿ ಕರಿಯಿಂದ ಬಂತಾ? ಇಲ್ಲ. ತೋಟದ ಔಷಧಿಯಿಂದ ಈ ಗಡ್ಡೆ ಬರುತ್ತದೆ ಅಂತಲೂ ಯಾರೂ ತೋರಿಸಿಲ್ಲ. ಔಷಧಿ ಹೊಡೆಯುವಾಗ ಮಾಸ್ಕ್, ಗ್ಲೌಸ್ ಹಾಕಬೇಕು, ಅದಕ್ಕೆ ಬೇರೆ ಕಾರಣಗಳಿವೆ. ಜಾಸ್ತಿ ಜನರಲ್ಲಿ ಇದು ತಾನಾಗಿ ಹುಟ್ಟಿದ್ದು. ಮನೆಯಲ್ಲಿ ಇಬ್ಬರಿಗೆ ಬಂದಿದ್ದರೆ ಮಾತ್ರ ವಂಶದ ಕಡೆ ನೋಡುತ್ತೇವೆ. ನಿಮ್ಮಲ್ಲಿ ಅಪ್ಪನಿಗೊಬ್ಬರಿಗೇ ಆಗಿದ್ದರೆ ನಿಮಗೆ, ನಿಮ್ಮ ಒಡಹುಟ್ಟಿದವರಿಗೆ ಸ್ಕ್ಯಾನ್ ಬೇಡ.

ಇನ್ನು ಆ ಎರಡು ಎಕರೆ. ಈಗ ಮಾರಬೇಡಿ. ಲುಟೀಶಿಯಂಗೆ ಲಕ್ಷಗಟ್ಟಲೆ ಆಗುತ್ತದೆ ಅನ್ನುವುದು ನಿಜ. ಆದರೆ ಅದು ಬೇಕಾಗುವ ದಿನ ಬರದೆಯೂ ಇರಬಹುದು, ಬಂದರೂ ವರ್ಷಗಳ ಮೇಲೆ. ಈಗಿನ ಖರ್ಚು ಒಂದು ಪೆಟ್ ಸ್ಕ್ಯಾನ್, ಭೇದಿಯ ಪುಡಿ, ಬೆಂಗಳೂರಿನ ಓಡಾಟ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೂ ಪ್ಯಾಕೇಜ್ ದರದ ಶೇ. 30 ಸಿಗುತ್ತದೆ. ಯಾವ ಚಿಕಿತ್ಸೆಗೆ, ಯಾವ ಆಸ್ಪತ್ರೆಯಲ್ಲಿ, ರೆಫರಲ್ ಬೇಕಾ ಅನ್ನುವುದನ್ನು ಹೋಗುವ ಮುಂಚೆ ಮಡಿಕೇರಿಯ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಬೆಂಗಳೂರಿಗೆ ಹೋಗುವಾಗ ಆಪರೇಷನ್ ನೋಟ್, ಸಿಟಿ ಸ್ಕ್ಯಾನ್‌ನ ಸಿಡಿ, ಎರಡೂ ಬಯಾಪ್ಸಿ ರಿಪೋರ್ಟ್ ಇಟ್ಟುಕೊಳ್ಳಿ. ಮೇಣದ ಬ್ಲಾಕ್‌ಗಳನ್ನು ಎಲ್ಲೂ ಬಿಟ್ಟು ಬರಬೇಡಿ. ಸಹಿ ಹಾಕಿ ವಾಪಸ್ ತನ್ನಿ, ಬಿಸಿಲು ಬೀಳದ ಕಡೆ ಬೀರುವಿನಲ್ಲಿಡಿ. ಹತ್ತು ವರ್ಷದ ಮೇಲೂ ಅದನ್ನು ಮತ್ತೆ ಕತ್ತರಿಸಿ ನೋಡಬಹುದು.